ಒಂದು ಮಾತಾಡಿದ್ರೆ ಮುಗೀತಿತ್ತಲ್ಲ!

ರೈಲು ಹರಿಹರ ಬಿಟ್ಟು ತುಂಗಭದ್ರೆ ದಾಟುವಾಗ ನಾನು ಫೋನಿಗೆ ಬೈಯುತ್ತಿದ್ದೆ. ಎದುರು ಸೀಟಿನ ಅಜ್ಜಿ, ‘ಯಾಕವಾ, ನೆಟ್‌ವರ್ಕ್ ಸಿಗವಲ್ತೇನು?’ ಅಂತ ಕೇಳಿದರು. ನೆಟ್‌ವರ್ಕ್ ಚೆನ್ನಾಗೇ ಇತ್ತು. ಸಿಗದೇ ಇದ್ದದ್ದು ನಾನು ಓದುತ್ತಿದ್ದ ಕಾದಂಬರಿಯ ಹೀರೋ ಬಾಯಿಂದ ಒಂದು ಮಾತು.

ಪುಸ್ತಕದ ಹೆಸರು ‘ಕುಲ್ಟಿ’. ಅಮೆರಿಕದ ಮರಿಯಾನಾ ಝಪಾಟಾ ಬರೆದದ್ದು, 2015ರದ್ದು. ಸ್ಪೋರ್ಟ್ಸ್ ರೊಮ್ಯಾನ್ಸ್ ಅಂತಾರಲ್ಲ, ಆ ಬಗೆ. ನನ್ನ ಟೀಮಿನ ಹುಡುಗಿಯರ ಫೋನಲ್ಲಿ ಇಂಥದ್ದು ಒಂದಾದರೂ ಇರುತ್ತೆ. ಏನ್ ಓದ್ತಿದ್ದೀಯ ಅಂತ ಮ್ಯಾನೇಜರ್ ಕೇಳಿದರೆ ಮಾತ್ರ ಎಲ್ಲರೂ ‘ಅಟಾಮಿಕ್ ಹ್ಯಾಬಿಟ್ಸ್’ ಅಂತಾರೆ.

ಕಥೆ ಇಷ್ಟು. ಸಾಲ್ ಅನ್ನೋ ಹುಡುಗಿ ಹ್ಯೂಸ್ಟನ್‌ನ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡ್ತಾಳೆ. ಆ ದುಡ್ಡಲ್ಲಿ ಜೀವನ ನಡೆಯಲ್ಲ, ಅದಕ್ಕೇ ಜೊತೆಗೆ ಜನರ ಮನೆಯ ಹುಲ್ಲು ಕತ್ತರಿಸೋ, ತೋಟ ನೋಡಿಕೊಳ್ಳೋ ಕೆಲಸವನ್ನೂ ಮಾಡ್ತಾಳೆ. ತಂಡಕ್ಕೆ ಸಹಾಯಕ ಕೋಚ್ ಆಗಿ ರೈನರ್ ಕುಲ್ಟಿ ಬರ್ತಾನೆ. ನಿವೃತ್ತ ಜರ್ಮನ್ ಸ್ಟಾರ್. ಚಿಕ್ಕವಳಿದ್ದಾಗ ಇವಳು ಅವನ ಪೋಸ್ಟರ್ ಗೋಡೆಗೆ ಅಂಟಿಸಿಕೊಂಡು ಬೆಳೆದವಳು. ಬಂದ ಮಹಾನುಭಾವ ಯಾರ ಜೊತೆಗೂ ಮಾತಾಡಲ್ಲ. ಮೈದಾನದ ಅಂಚಲ್ಲಿ ನಿಂತಿರ್ತಾನೆ, ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನ ಹಾಗೆ. ಕುಡಿದು ಬಾರಲ್ಲಿ ಬಿದ್ದವನನ್ನು ಇವಳೇ ಹೋಗಿ ಕರ್ಕೊಂಡು ಬರ್ತಾಳೆ, ಯಾರಿಗೂ ಹೇಳಲ್ಲ. ಆಮೇಲೆ ಸ್ನೇಹ ಆಗುತ್ತೆ. ಮುಕ್ಕಾಲು ಪುಸ್ತಕ ಮುಗಿದರೂ ಇಬ್ಬರೂ ಮನಸ್ಸಿನಲ್ಲಿರೋದನ್ನು ಬಾಯಿಗೆ ತರಲ್ಲ. ಇದಕ್ಕೆ ‘ಸ್ಲೋ ಬರ್ನ್’ ಅಂತ ಹೆಸರು. ನಮ್ಮ ಕಡೆ ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಹೀಗೇ ಆಗೋದು: ಹೊಗೆ ಜಾಸ್ತಿ, ಉರಿ ಇಲ್ಲ.

ಇದೇ ಲೇಖಕಿ 2016ರಲ್ಲಿ ‘ದ ವಾಲ್ ಆಫ್ ವಿನ್ನಿಪೆಗ್ ಆ್ಯಂಡ್ ಮಿ’ ಬರೆದರು. ಅಲ್ಲಿ ಹೀರೋ ಅಮೆರಿಕನ್ ಫುಟ್‌ಬಾಲ್ ಆಟಗಾರ. ತನ್ನ ಅಡುಗೆ, ಇಮೇಲ್, ಬಟ್ಟೆ ಎಲ್ಲಾ ನೋಡಿಕೊಳ್ಳೋ ಹುಡುಗಿಗೆ ಒಂದು ನಮಸ್ಕಾರ ಅನ್ನದವನು, ಅವಳು ಕೆಲಸ ಬಿಟ್ಟ ಮೇಲೆ ಬಂದು ‘ಗ್ರೀನ್ ಕಾರ್ಡ್ ಬೇಕು, ನನ್ನ ಮದುವೆ ಆಗು’ ಅಂತಾನೆ! ಇದನ್ನೂ ನಾನು ಎರಡು ರಾತ್ರಿಯಲ್ಲಿ ಮುಗಿಸಿದ್ದೆ ಅನ್ನೋದು ನನ್ನ ಮರ್ಯಾದೆಯ ಪ್ರಶ್ನೆ, ಇಲ್ಲಿಗೇ ಬಿಡಿ.

ಮಾತಾಡದ ಹೀರೋ ನಮಗೂ ಹೊಸಬನಲ್ಲ. ನಮ್ಮವ್ವ ಇವತ್ತಿಗೂ ಟಿವಿಯಲ್ಲಿ ‘ಎರಡು ಕನಸು’ ಬಂದರೆ ರೊಟ್ಟಿ ಬಡಿಯೋದು ಬಿಟ್ಟು ಬಂದು ಕೂರ್ತಾಳೆ. ವಾಣಿಯವರ ಕಾದಂಬರಿ, 1974ರ ಸಿನಿಮಾ. ಹಳೇ ಪ್ರೀತಿ ಮರೆಯಲಾಗದ ರಾಜ್‌ಕುಮಾರ್, ಕಟ್ಟಿಕೊಂಡ ಹೆಂಡತಿ ಕಲ್ಪನಾ ಜೊತೆ ಸರಿಯಾಗಿ ಮಾತಾಡದೆ ಎಷ್ಟು ರೀಲು ಕಳೀತಾರೆ! ಅವ್ವ ಪ್ರತಿ ಸಲ ‘ಪಾಪ, ಅಂವಾ ಭಾಳ ನೊಂದಾನ’ ಅಂತ ಕಣ್ಣು ಒರೆಸ್ಕೋತಾಳೆ. ಕಲ್ಪನಾ ನೊಂದಿಲ್ಲೇನವ್ವಾ ಅಂತ ಕೇಳಿದರೆ, ‘ಸುಮ್ನ ನೋಡು’ ಅಂತಾಳೆ.

ರಾಣೇಬೆನ್ನೂರಲ್ಲಿ ಇಳಿದಾಗ ಕಾಕಾನ ಮಗಳು ಸ್ಕೂಟಿ ಹಿಡಿದು ನಿಂತಿದ್ದಳು. ಇಲ್ಲಿ ತಂಗಿ ಅಂತಲೇ ಕರೀತೀನಿ; ಬರೆಯೋಕೆ ಒಪ್ಪಿದ್ದಾಳೆ, ಹೆಸರು ಹಾಕೋಕೆ ಒಪ್ಪಿಲ್ಲ. ಇಪ್ಪತ್ನಾಲ್ಕು ವರ್ಷ, ಬಿ.ಪಿ.ಎಡ್ ಮುಗಿಸಿದ್ದಾಳೆ, ಖೋ ಖೋದಲ್ಲಿ ಯೂನಿವರ್ಸಿಟಿ ಬ್ಲೂ. ಆ ಬ್ಲೇಜರ್ ಅನ್ನು ಚಳಿ ಇರಲಿ ಬಿಡಲಿ ಹಾಕಿಕೊಳ್ಳೋಳು. ಭಾನುವಾರ ಅವಳನ್ನು ನೋಡೋಕೆ ಹಾವೇರಿಯಿಂದ ಗಂಡಿನ ಕಡೆಯವರು ಬರೋರಿದ್ದರು. ನಾನು ಊರಿಗೆ ಬಂದದ್ದೇ ಅದಕ್ಕೆ.

ಮೋಟೆಬೆನ್ನೂರು ದಾಟಿ ಬ್ಯಾಡಗಿ ಹತ್ತಿರ ಆದಂತೆ ಗಂಟಲು ಕೆರೀತು. ಫೆಬ್ರವರಿ. ಸೋಮವಾರ, ಗುರುವಾರ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಗುಡ್ಡದ ಹಾಗೆ ಬೀಳೋ ಕಾಲ. ಹೊರಗಿನವರು ಸೀನ್ತಾರೆ, ನಾವು ಸೀನಿದರೆ ‘ಬೆಂಗಳೂರಿನೋಳು ಆಗಿ ಬಿಟ್ಲು’ ಅಂತಾರೆ. ನಾನು ಮೂರು ಸಲ ಸೀನಿದೆ.

ರಾತ್ರಿ ಮಾಳಿಗೆ ಮೇಲೆ ಹಾಸಿಕೊಂಡು ತಂಗಿಗೆ ಕುಲ್ಟಿ ಕಥೆ ಹೇಳಿ ನನ್ನ ಸಿಟ್ಟು ಕಾರಿಕೊಂಡೆ. ಇಬ್ಬರಲ್ಲಿ ಒಬ್ಬರು ಒಂದು ಮಾತಾಡಿದ್ರೆ ಮುಗೀತಿತ್ತಲ್ಲ, ಎಂಥಾ ದಡ್ಡ ಜೋಡಿ ಅಂದೆ. ನಗ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ಅಕ್ಕಾ, ಅಕಿ ಮಾತಾಡಿದ್ಲು ಅಂದ್ರ ಅಕಿಗೆ ಏನಾಗ್ತಿತ್ತು?’

‘ಜನ ಮಾತಾಡ್ಕೋತಿದ್ರು. ಕೋಚ್ ಜೊತೆ ಅಂತ. ಟೀಮಿಂದ ತೆಗೆದ್ರೂ ತೆಗೀಬಹುದಿತ್ತು.’

‘ಅವಂಗ?’

ಯೋಚನೆ ಮಾಡಿದೆ. ಅವನ ಆಟ ಮುಗಿದಿದೆ, ಹೆಸರಿದೆ, ದುಡ್ಡಿದೆ. ‘ಏನೂ ಇಲ್ಲ’ ಅಂದೆ.

‘ಮತ್ತ ಇಬ್ರನ್ನೂ ಒಂದ ತಕ್ಕಡ್ಯಾಗ ಯಾಕ ತೂಗ್ತಿ?’

ಆಮೇಲೆ ನಿಧಾನಕ್ಕೆ ಅವಳ ಕಥೆ ಬಂತು. ರಾಣೇಬೆನ್ನೂರಿನ ಹುಡುಗ. ಅವನೂ ಖೋ ಖೋ. ನಾಲ್ಕು ವರ್ಷದಿಂದ ಒಂದೇ ಟೂರ್ನಮೆಂಟ್‌ಗಳಲ್ಲಿ ಭೇಟಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ, ನಮ್ಮ ಹುಡುಗಿಯರು ನೇಪಾಳವನ್ನು 78–40ರಿಂದ ಸೋಲಿಸಿದ ಫೈನಲ್ ಅನ್ನು ಇವಳು ಈ ಮಾಳಿಗೆ ಮೇಲೆ, ಅವನು ಅವನ ಮನೆಯಲ್ಲಿ, ಫೋನ್ ಕಿವಿಗೆ ಹಿಡಿದೇ ನೋಡಿದ್ದರಂತೆ. ತಂಡದಲ್ಲಿ ತಿ. ನರಸೀಪುರ ಕಡೆಯ ಕುರುಬೂರಿನ ಚೈತ್ರಾ ಇದ್ದರು, ಹಳ್ಳಿ ಹುಡುಗಿ. ‘ಅಕಿ ಆಡಿದಾಗ ಅಂವಾ, ನೀನೂ ಹಂಗ ಆಡಬೇಕು ಅಂದಿದ್ದ.’ ಇಷ್ಟೆಲ್ಲ ಮಾತಾಡೋ ಹುಡುಗ ತನ್ನ ಮನೇಲಿ ಮಾತ್ರ ಇವಳ ಹೆಸರು ಎತ್ತಿಲ್ಲ. ಕೇಳಿದಾಗೆಲ್ಲ ‘ಟೈಮ್ ಬರಲಿ’. ನೌಕರಿ ಸಿಗಲಿ, ಅಕ್ಕನ ಮದುವೆ ಆಗಲಿ, ಮನೆ ಕಟ್ಟಿ ಮುಗೀಲಿ. ಅವನು ಸುಮ್ಮನಿದ್ದರೆ ಅವನ ಆಟ ನಡೀತಾನೇ ಇರುತ್ತೆ. ಇವಳು ಬಾಯಿ ಬಿಟ್ಟರೆ, ‘ಗ್ರೌಂಡಿಗೆ ಕಳಿಸಿದ್ದಕ್ಕ ಇದಾತು’ ಅಂತ ಮನೆಯವರು ಶೂ ಎತ್ತಿಡ್ತಾರೆ. ಇವಳ ಹಿಂದೆ ಇನ್ನಿಬ್ಬರು ತಂಗಿಯರು ಅದೇ ಗ್ರೌಂಡಿಗೆ ಹೋಗ್ತಾರೆ, ಅವರದ್ದೂ ಬಂದ್.

ಅವಳು ಮಲಗಿದ ಮೇಲೆ ನಾನು ಪುಸ್ತಕ ಮತ್ತೆ ತೆಗೆದೆ. ರೈಲಲ್ಲಿ ಸಾಲ್‌ಗೆ ಬೈದಿದ್ದ ಜಾಗಗಳನ್ನೇ ಹುಡುಕಿ ಓದಿದೆ. ಆ ಹುಡುಗಿ ದಡ್ಡಿ ಅಲ್ಲ, ಲೆಕ್ಕ ಹಾಕ್ತಿದ್ದಾಳೆ. ಪೂರ್ತಿ ಸೀಸನ್ ಅವಳ ತಲೆಯಲ್ಲಿ ಒಂದೇ ಲೆಕ್ಕ: ಈ ಮಾತಿನ ಬೆಲೆ ಎಷ್ಟು, ಕಟ್ಟೋರು ಯಾರು. ಕುಲ್ಟಿಯ ಮೌನಕ್ಕೆ ಬೆಲೆಯೇ ಇಲ್ಲ, ಅದಕ್ಕೇ ಲೇಖಕಿ ಅದನ್ನು ಗಾಂಭೀರ್ಯ ಅಂತ ಮಾರೋಕೆ ಆಗಿದೆ. ನಾವೂ ಹಾಗೇ ಕೊಂಡುಕೊಂಡಿದ್ದೇವೆ. ಸಾಲ್ ಮೇಲಿನ ನನ್ನ ದೂರನ್ನು ಆ ರಾತ್ರಿಯೇ ವಾಪಸ್ ತಗೊಂಡೆ. ಅವನ ಮೇಲಿನದು ಹಾಗೇ ಇದೆ, ಬಡ್ಡಿ ಸಮೇತ.

ನನ್ನದೂ ಒಂದು ಸಣ್ಣ ಲೆಕ್ಕ ನೆನಪಾಯ್ತು. ಹತ್ತನೇ ಕ್ಲಾಸಿನವರೆಗೆ ನಾನೂ ಖೋ ಖೋ ಆಡ್ತಿದ್ದೆ. ಪಿಯುಸಿ ಸೈನ್ಸ್ ಅಂದ ದಿನ ಯಾರೂ ಬಿಡು ಅನ್ನಲಿಲ್ಲ, ನಾನೇ ಸುಮ್ಮನೆ ಹೋಗೋದು ನಿಲ್ಲಿಸಿದೆ. ಕೇಳಿ ನೋಡಿದ್ದರೆ ಅಪ್ಪ ಬೇಡ ಅನ್ನುತ್ತಿದ್ದರೋ ಇಲ್ಲವೋ. ಅವರು ಈಗಿಲ್ಲ.

ಭಾನುವಾರ ಬಂದರು. ಉಪ್ಪಿಟ್ಟು, ಶಿರಾ, ಚಹಾ. ಹುಡುಗ ಒಳ್ಳೆಯವನ ಹಾಗೇ ಕಂಡ, ನನ್ನ ಹಾಗೇ ಬೆಂಗಳೂರಲ್ಲಿ ಸಾಫ್ಟ್‌ವೇರ್. ಮಾತೆಲ್ಲ ಅವನ ದೊಡ್ಡಪ್ಪನದ್ದೇ. ಶೋಕೇಸಿನಲ್ಲಿದ್ದ ಟ್ರೋಫಿ, ಬಣ್ಣ ಮಾಸಿದ ಹಾವೇರಿ ಯಾಲಕ್ಕಿ ಹಾರ ನೋಡಿ, ‘ಇದೆಲ್ಲಾ ಸಾಲಿಯಾಗಿದ್ದಾಗಿಂದೇನವಾ? ಈಗ ಆಟ ಬಿಟ್ಟೀಯಲ್ಲ?’ ಅಂದರು.

ಚಿಗವ್ವ ಅಡುಗೆಮನೆ ಬಾಗಿಲಿಂದ ‘ಹ್ಞೂಂ ಅನ್ನು’ ಅಂತ ಕಣ್ಣಲ್ಲೇ ಹೇಳ್ತಿದ್ದಳು. ತಂಗಿ ಚಹಾದ ಟ್ರೇ ಕೆಳಗಿಟ್ಟು ಅಂದಳು: ‘ಇಲ್ರಿ ಅಜ್ಜಾರ, ಬಿಟ್ಟಿಲ್ಲ. ಬಿಡೂದೂ ಇಲ್ರಿ.’

ಹುಡುಗ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ಏನೂ ಹೇಳಲಿಲ್ಲ. ಹೊರಡುವಾಗ ದೊಡ್ಡಪ್ಪ ‘ಫೋನ್ ಮಾಡ್ತೀವ್ರಿ’ ಅಂದರು. ಈ ಮಾತಿನ ಅರ್ಥ ಬ್ಯಾಡಗಿಯಲ್ಲೂ ಒಂದೇ, ಬೆಂಗಳೂರಿನ ಇಂಟರ್‌ವ್ಯೂನಲ್ಲೂ ಒಂದೇ.

ನಾನು ಅದೇ ರಾತ್ರಿ ವಾಪಸ್ ಬಂದೆ. ಸೋಮವಾರ ಮಧ್ಯಾಹ್ನ ಸ್ಟ್ಯಾಂಡ್‌ಅಪ್ ಕಾಲ್ ನಡುವೆ ತಂಗಿ ಫೋನ್. ಮ್ಯೂಟ್ ಹಾಕಿ ಹೊರಗೆ ಓಡಿದೆ.

‘ಅಪ್ಪಗ ಎಲ್ಲಾ ಹೇಳಿದೆ ಅಕ್ಕಾ. ರಾಣೇಬೆನ್ನೂರಿಂದೂ.’

‘ಕಾಕಾ ಏನಂದ್ರು?’

‘ಏನೂ ಅನ್ಲಿಲ್ಲ. ಚೀಲ ತೂಗ್ಸಾಕ ಮಾರ್ಕೆಟ್‌ಗೆ ಹೋದ. ಆದ್ರ ಸಂಜಿ ಪ್ರಾಕ್ಟೀಸ್ ಅಂತ ಗೊತ್ತಿದ್ರೂ ಸ್ಕೂಟಿ ಚಾವಿ ಬಿಟ್ಟು ಹೋಗ್ಯಾನ.’

‘ಆ ಹುಡುಗಂಗೆ ಹೇಳಿದ್ಯಾ?’

‘ಹೇಳಿದೆ. ನಮ್ಮ ಮನ್ಯಾಗ ಗೊತ್ತಾತು, ಇನ್ನ ನಿಂದು ಅಂದೆ.’

‘ಅವನು?’

‘ಟೈಪಿಂಗ್ ಅಂತ ತೋರಸಾಕತ್ತೈತಿ,’ ಅಂದಳು. ‘ಬೆಳಿಗ್ಗೆ ಹತ್ತು ಗಂಟೆಯಿಂದ.’