ಮಣ್ಣು ನಮ್ಮದು, ಮಳೆ ನಮ್ಮದು, ಲೆಕ್ಕ ಮಾತ್ರ ಬೀರುವಿನೊಳಗೆ

ಹೊಲಕ್ಕೆ ಬರ್ತಾರೆ. ಅಲ್ಲಲ್ಲಿ ಗುಂಡಿ ತೆಗೆದು, ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗ್ತಾರೆ. ಆಮೇಲೆ ಒಂದು ಕಾರ್ಡು ಬರುತ್ತೆ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಅಂತ ಒಟ್ಟು 12 ಅಂಶಗಳ ಲೆಕ್ಕ ಅದರಲ್ಲಿರುತ್ತೆ. ಮಣ್ಣು ಆರೋಗ್ಯ ಕಾರ್ಡು ಯೋಜನೆ ಶುರುವಾಗಿದ್ದು 2015ರಲ್ಲಿ. ಅವತ್ತಿಂದ ಇವತ್ತಿನವರೆಗೆ, ನಿಮ್ಮ ಊರಿನ ಎಲ್ಲ ಕಾರ್ಡುಗಳ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಇಟ್ಟು ನೋಡಿದವರು ಎಷ್ಟು ಜನ? ಕೈ ಎತ್ತಿ.

ನಾವೂ ಎತ್ತಲಿಲ್ಲ.

ಹಳೇ ಗಾದೆ ಇದೆಯಲ್ಲ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಮಣ್ಣು ಕೊಟ್ಟವರು ನಾವು, ಬೆಳೆ ಸಮೀಕ್ಷೆಗೆ ಹೊಲ ತೋರಿಸಿದವರು ನಾವು, ಪ್ರಶ್ನೆ ಕೇಳಿದವರ ಮುಂದೆ ಗಂಟೆಗಟ್ಟಲೆ ಕೂತು ಉತ್ತರ ಹೇಳಿದವರೂ ನಾವು. ಖರ್ಚಾದ ದುಡ್ಡೂ ನಮ್ಮ ತೆರಿಗೆಯದ್ದೇ. ಲೆಕ್ಕ ಕೇಳಿದರೆ ಮಾತ್ರ, 'ನಿಮಗ್ಯಾಕೆ ಅದೆಲ್ಲ?'

ಒಂದು ಅನುಭವ ಹೇಳ್ತೀವಿ. ಒಂದು ವರದಿಗಾಗಿ, ಒಂದು ಕಚೇರಿಯಲ್ಲಿ ಐದು ವರ್ಷದ ಹೋಬಳಿವಾರು ಮಳೆ ಲೆಕ್ಕ ಕೇಳಿದೆವು. ಕೊಟ್ಟರು, ಸುಳ್ಳು ಹೇಳಬಾರದು. ಅರ್ಧ ಭಾಗ ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್. ಕಂಪ್ಯೂಟರಿನಲ್ಲೇ ಇದ್ದ ಅಂಕಿಯನ್ನು ಫೋಟೊ ಮಾಡಿ ಕೊಟ್ಟಂಗಾಯ್ತು. ಉಳಿದರ್ಧ ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರದ ಫೈಲು. ಫೋನಿನಲ್ಲಿ ತೆರೆದರೆ ಹೋಬಳಿ ಹೆಸರುಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೂರು ರಾತ್ರಿ ಕೂತು ಕೈಯಾರೆ ಟೈಪ್ ಮಾಡಿದೆವು.

ಅಸಲಿ ಸಂಕಟ ಶುರುವಾಗಿದ್ದು ಆಮೇಲೆ. ಕೆಲವು ದಿನಗಳ ಮುಂದೆ ಜಾಗ ಖಾಲಿ. ಮಳೆ ಬರಲಿಲ್ಲ ಅಂತಲೋ, ಮಾಪಕ ಕೆಟ್ಟಿತ್ತು ಅಂತಲೋ? ಕೇಳಿದ್ದಕ್ಕೆ, 'ಖಾಲಿ ಅಂದ್ರೆ ಸೊನ್ನೆ ಅಂದ್ಕೊಳ್ಳಿ ಸಾರ್' ಅಂದರು. ಆ ಖಾಲಿ ವಾರಗಳಲ್ಲಿ ಒಂದರಲ್ಲಿ ನಮ್ಮಲ್ಲೊಬ್ಬರ ಊರಿನ ಹಳ್ಳ ತುಂಬಿ ಹರಿದಿತ್ತು.

ಇದು ಬರೀ ಪತ್ರಕರ್ತರ ಗೋಳಲ್ಲ. ಬರ ಘೋಷಣೆಗೆ ಮಳೆ ಕೊರತೆಯ ಅಂಕಿ ಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನ ಆಗೋದೇ ಮಾಪಕದ ಅಂಕಿಯಿಂದ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಮಳೆ ಅಳೆದು ಕಳಿಸುವ ಮಾಪಕಗಳಿವೆ. ಇದು ಹೆಮ್ಮೆಯ ವಿಷಯವೇ. ಆದರೆ ಖಾಲಿ ಯಾವುದು, ಸೊನ್ನೆ ಯಾವುದು ಅಂತ ಬರೆದಿಡದಿದ್ದರೆ ಅಡಿಕೆ ಬೆಳೆದವನ ವಿಮೆ ಯಾವ ಲೆಕ್ಕದಲ್ಲಿ ಹೋಯ್ತು ಅಂತ ಯಾರು ಹೇಳಬೇಕು?

'ಸಂಶೋಧನೆಯ ಅಂಕಿಅಂಶ ಹಳ್ಳಿಯವರಿಗೆ ಅರ್ಥ ಆಗಲ್ಲ' ಅನ್ನೋರಿದ್ದಾರೆ. ಸ್ವಾಮಿ, ಹಾಲಿನ ಡೈರಿಯ ಫ್ಯಾಟ್ ಚೀಟಿ ಓದಿ ಜಗಳ ಆಡೋರು ನಾವು. ನಮಗೇ ಅರ್ಥ ಆಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ಕಾಲೇಜು ಓದುವ ನಮ್ಮ ಮಕ್ಕಳಿಗೆ ಆಗುತ್ತೆ.

'ದುರುಪಯೋಗ ಆಗುತ್ತೆ' ಅನ್ನೋದು ಎರಡನೇ ನೆಪ. ಇದರಲ್ಲಿ ಅರ್ಧ ಸತ್ಯ ಇದೆ. ರೈತನ ಹೆಸರು, ಫೋನು, ಆಧಾರ್ ಸಂಖ್ಯೆ ಬಯಲಿಗೆ ಬರಲೇಬಾರದು. ಅವನ್ನು ತೆಗೆದು ಮಣ್ಣಿನ ಲೆಕ್ಕ ಕೊಡಿ ಅಂತ ನಾವೂ ಹೇಳೋದು. ಕೇಂದ್ರ ಸರ್ಕಾರದ 2012ರ ದತ್ತಾಂಶ ಹಂಚಿಕೆ ನೀತಿ, ಹಂಚಬಹುದಾದ ದತ್ತಾಂಶ ಮನುಷ್ಯರೂ ಓದುವಂತೆ, ಯಂತ್ರವೂ ಓದುವಂತೆ ಇರಬೇಕು ಅನ್ನುತ್ತೆ. ಅಂಥ ದತ್ತಾಂಶವನ್ನು ಯಾರು ಬೇಕಾದರೂ ಮೂಲ ಹೇಳಿ ಬಳಸಬಹುದು ಅನ್ನುವ ಪರವಾನಗಿ 2017ರಲ್ಲಿ ಬಂತು. ಅದರಲ್ಲೂ ವೈಯಕ್ತಿಕ ಮಾಹಿತಿ ಹೊರಗೇ ಉಳಿದಿದೆ.

ಮೂರನೇ ನೆಪ, 'ಸಲಕರಣೆ ಇಲ್ಲ.' ಇದಂತೂ ಶುದ್ಧ ಸುಳ್ಳು. ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಉಳಿಸೋಕೆ ಲಿಬ್ರೆಆಫೀಸ್ ಸಾಕು, ಅದು ಪುಕ್ಕಟೆ. ಗೊಂದಲದ ಪಟ್ಟಿ ಹಸನು ಮಾಡೋಕೆ ಓಪನ್‌ರಿಫೈನ್ ಇದೆ, ಅದೂ ಪುಕ್ಕಟೆ. ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ದತ್ತಾಂಶ ಇಡೋಕೆ ಜೆನೊಡೊ ಇದೆ. 2013ರಿಂದ ಯುರೋಪಿನ ಸರ್ನ್ ಸಂಸ್ಥೆ ನಡೆಸ್ತಿದೆ. ಇಟ್ಟ ಫೈಲಿಗೆ ಡಿಒಐ ಅನ್ನುವ ಕಾಯಂ ಗುರುತಿನ ಸಂಖ್ಯೆ ಸಿಗುತ್ತೆ. ಅದಕ್ಕೂ ಒಂದು ರೂಪಾಯಿ ಖರ್ಚಿಲ್ಲ.

2016ರಲ್ಲಿ ವಿಜ್ಞಾನಿಗಳು 'ಫೇರ್' ಅಂತ ನಾಲ್ಕು ತತ್ವ ಪ್ರಕಟಿಸಿದರು. ನಮ್ಮ ಮಾತಿನಲ್ಲಿ ಹೇಳೋದಾದರೆ, ಹುಡುಕಿದರೆ ಸಿಗಬೇಕು, ಪಡೆಯೋ ದಾರಿ ಗೊತ್ತಿರಬೇಕು, ಬೇರೆ ಲೆಕ್ಕದ ಜೊತೆ ಹೊಂದಬೇಕು, ಇನ್ನೊಬ್ಬರು ಮತ್ತೆ ಬಳಸುವಂತಿರಬೇಕು. ಸಂತೆಗೆ ತಂದ ಮಾಲಿಗೆ ತೂಕ, ದರ, ಊರಿನ ಹೆಸರು ಕೇಳಲ್ವಾ? ಅಷ್ಟೇ.

ಹಾಗಾಗಿ ನಮ್ಮ ಒತ್ತಾಯ ಇಷ್ಟು. ಸ್ಕ್ಯಾನ್ ಬೇಡ, ಸಿಎಸ್‌ವಿ ಕೊಡಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಊರಿನ ಹೆಸರಿನ ಜೊತೆ ಸರ್ಕಾರದ ಗ್ರಾಮ ಸಂಕೇತ ಹಾಕಿ, ಯಾಕಂದ್ರೆ ಹೊಸಹಳ್ಳಿ ಒಂದೇ ಇಲ್ಲ. 05/06 ಅಂದರೆ ಜೂನ್ ಐದೋ, ಮೇ ಆರೋ? ವರ್ಷ, ತಿಂಗಳು, ದಿನ ಅಂತ ಒಂದೇ ಕ್ರಮ ಇಡಿ. ಯಾರು, ಯಾವಾಗ, ಯಾವುದರಿಂದ ಅಳೆದರು, ಖಾಲಿ ಅಂದರೆ ಏನು ಅಂತ ಒಂದು ಪುಟ ವಿವರ ಜೊತೆಗಿರಲಿ.

ನೀವೂ ಒಂದು ಕೆಲಸ ಮಾಡಿ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಪಡೆಯೋ ಹಕ್ಕು ನಿಮಗಿದೆ. ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು ಅಂತ ಅದರ 7(9)ನೇ ಕಲಂ ಹೇಳುತ್ತೆ. ಅರ್ಜಿಯಲ್ಲಿ 'ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಕೊಡಿ' ಅಂತ ಒಂದು ಸಾಲು ಸೇರಿಸಿ. ಮುಂದಿನ ಗ್ರಾಮಸಭೆಯಲ್ಲಿ ನಮ್ಮೂರ ಮಣ್ಣಿನ ಲೆಕ್ಕ, ಮಳೆ ಲೆಕ್ಕ ಎಲ್ಲಿದೆ ಅಂತ ಎದ್ದು ನಿಂತು ಕೇಳಿ.

ಮಣ್ಣು ಕೊಡುವಾಗ ನಾವು ಯಾರನ್ನೂ ಅಲೆದಾಡಿಸಲಿಲ್ಲ. ಲೆಕ್ಕ ಕೊಡುವಾಗ ನಮ್ಮನ್ನೂ ಅಲೆದಾಡಿಸಬೇಡಿ.