ಟವೆಲಿನಡಿಯ ಬೆಲೆ ಮತ್ತು ಗಬ್ಬದ ಕಡಸು

ಕೆಲವು ವಾರಗಳ ಹಿಂದೆ ಪರಿಚಿತ ರೈತರೊಬ್ಬರು ಮನೆಗೆ ಬಂದಿದ್ದರು. ಅವರ ಹಟ್ಟಿಯಲ್ಲಿ ಮಿಶ್ರತಳಿಯ ಕಡಸೊಂದಿತ್ತು. ಚೊಚ್ಚಲ ಗಬ್ಬ, ಆರು ತಿಂಗಳು ತುಂಬಿತ್ತು. ಮಗಳ ಕಾಲೇಜು ಶುಲ್ಕಕ್ಕಾಗಿ ಅದನ್ನು ಮಾರಬೇಕಾಗಿ ಬಂದಿತ್ತು. ದಲ್ಲಾಳಿಯೊಬ್ಬ ಹಟ್ಟಿಗೇ ಬಂದು, ಹಲ್ಲು ನೋಡಿ, ಬೆನ್ನು ತಟ್ಟಿ, 55 ಸಾವಿರ ಎಂದು ಹೇಳಿ ಹೋಗಿದ್ದ. ‘ಇದು ನ್ಯಾಯದ ಬೆಲೆಯೇ? ನೀವು ಮದ್ರಸದಲ್ಲಿ ಓದಿದವರು, ಪತ್ರಿಕೆಯಲ್ಲಿ ಬರೆಯುವವರು, ಹೇಳಿ’ ಎಂಬುದು ಅವರ ಪ್ರಶ್ನೆ. ಮದ್ರಸದಲ್ಲಿ ಕ್ರಯವಿಕ್ರಯದ ಅಧ್ಯಾಯವನ್ನು ವರ್ಷವಿಡೀ ಓದಿದ್ದೆ. ಒಂಟೆಯ ವ್ಯಾಪಾರದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿದ್ದೆ. ಆದರೆ ಕಣ್ಣೆದುರಿನ ಕಡಸಿಗೆ ಎಷ್ಟು ಎಂದು ಹೇಳಲು ನಾಲಗೆ ಏಳಲಿಲ್ಲ. ಕೊನೆಗೆ ಕಾಗದ, ಪೆನ್ನು ಹಿಡಿದು ಇಬ್ಬರೂ ಕುಳಿತೆವು.

ಲೆಕ್ಕ ಸರಳವಾಗಿಯೇ ಆರಂಭವಾಯಿತು. ಹುಟ್ಟಿದ ಹೆಣ್ಣುಗರುವಿಗೆ 5 ಸಾವಿರ ರೂಪಾಯಿ ಎಂದಿಟ್ಟುಕೊಂಡೆವು. ಅಂದಿನಿಂದ ಇಂದಿನವರೆಗೆ ಸುಮಾರು 900 ದಿನಗಳು. ಹುಲ್ಲು, ಹಿಂಡಿ, ಬೂಸಾ ಎಲ್ಲ ಸೇರಿ ದಿನಕ್ಕೆ ಸರಾಸರಿ 70 ರೂಪಾಯಿ ಎಂದರೆ 63 ಸಾವಿರ. ಕೃತಕ ಗರ್ಭಧಾರಣೆ, ಲಸಿಕೆ, ಔಷಧಿ, ವಿಮೆ ಎಂದು 4 ಸಾವಿರ. ಒಟ್ಟು 72 ಸಾವಿರ. ಇವು ಅವರ ಹಟ್ಟಿಯ ಅಂದಾಜು. ಸ್ವಂತ ಗದ್ದೆಯ ಹುಲ್ಲು ಇರುವವರಿಗೆ ಕಡಿಮೆ ಬರಬಹುದು, ಎಲ್ಲವನ್ನೂ ಕೊಂಡು ಹಾಕುವವರಿಗೆ ಹೆಚ್ಚಾಗಬಹುದು. ಆದರೆ ಈ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂಬುದನ್ನು ಗಮನಿಸಿದಿರಾ? ಎರಡೂವರೆ ವರ್ಷ ಬೆಳಿಗ್ಗೆ ಸಂಜೆ ಸಗಣಿ ಬಾಚಿದವರು, ಕಲಗಚ್ಚು ಹೊತ್ತವರು ಅವರ ಪತ್ನಿ. ‘ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆಯೇ?’ ಎಂದು ಅವರು ನಕ್ಕರು. ನಮ್ಮ ನಾಡಿನ ಹೈನುಗಾರಿಕೆಯ ಲಾಭವೆಲ್ಲ ಈ ಒಂದು ನಗುವಿನ ಮೇಲೆ ನಿಂತಿದೆ ಎಂದರೆ ತಪ್ಪಾಗಲಾರದು.

ಇನ್ನೊಂದು ಸಂಗತಿಯಿದೆ. ಸಾಕಿದ ಕಡಸುಗಳೆಲ್ಲ ಗಬ್ಬ ನಿಲ್ಲುವುದಿಲ್ಲ. ಹತ್ತರಲ್ಲಿ ಒಂದು ಬರಡಾಯಿತೆಂದು ಭಾವಿಸಿ. ಆ ಒಂದಕ್ಕೆ ಹಾಕಿದ 72 ಸಾವಿರವನ್ನು ಉಳಿದ ಒಂಬತ್ತು ಕಡಸುಗಳ ಬೆಲೆಯಿಂದಲೇ ಹುಟ್ಟಿಸಬೇಕು. ಆಗ ಪ್ರತಿಯೊಂದರ ಅಸಲು 80 ಸಾವಿರವಾಗುತ್ತದೆ. ಆ ಬರಡು ಕಡಸಿಗೆ ಸಂತೆಯಲ್ಲಿ 20 ಸಾವಿರವಾದರೂ ಸಿಕ್ಕಿದ್ದರೆ ಈ ಹೊರೆ ಸ್ವಲ್ಪ ಇಳಿಯುತ್ತಿತ್ತು. ಏನೂ ಸಿಗದಿದ್ದರೆ? ಅದು ಹಟ್ಟಿಯಲ್ಲೇ ಉಳಿದರೆ ದಿನಕ್ಕೆ ಅದೇ 70 ರೂಪಾಯಿ, ವರ್ಷಕ್ಕೆ 25 ಸಾವಿರಕ್ಕೂ ಮಿಕ್ಕಿ.

ಕೊಳ್ಳುವವನೂ ಮೂರ್ಖನಲ್ಲ. ಅವನು ಮುಂದಕ್ಕೆ ನೋಡಿ ಲೆಕ್ಕ ಹಾಕುತ್ತಾನೆ. ನಾಲ್ಕೋ ಐದೋ ಸೂಲು, ಅಷ್ಟು ಹಾಲು, ಅದರಿಂದ ಮೇವಿನ ಖರ್ಚು ಕಳೆದು ಉಳಿಯುವುದೆಷ್ಟು? ಹುಟ್ಟುವ ಕರು ಹೆಣ್ಣೋ ಗಂಡೋ? ಹಾಲು ಬತ್ತಿದ ಮೇಲೆ ಇದನ್ನು ಏನು ಮಾಡುವುದು? ಅಂದರೆ ಗಬ್ಬದ ಕಡಸಿನ ಬೆಲೆಯಲ್ಲಿ ಅದರ ಇಡೀ ಆಯುಷ್ಯ ಅಡಗಿದೆ. ಅದರ ಮುಪ್ಪಿನ ಬೆಲೆಯೂ, ಹೊಟ್ಟೆಯಲ್ಲಿರುವ ಕರುವಿನ ಬೆಲೆಯೂ ಅದರಲ್ಲಿ ಸೇರಿವೆ. ಕೊನೆಯ ಬೆಲೆಯನ್ನು ಸೊನ್ನೆ ಮಾಡಿದರೆ ಮೊದಲ ಬೆಲೆಯೂ ಕುಸಿಯುತ್ತದೆ. ನಮ್ಮ ಶಾಸಕರು ಕಾನೂನು ರಚಿಸುವಾಗ ಮರೆತದ್ದು ಇದನ್ನೇ.

1964ರ ಕಾನೂನಿನಲ್ಲೂ ಹಸುವಿನ ವಧೆ ನಿಷಿದ್ಧವೇ ಆಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ 12 ವರ್ಷ ದಾಟಿದ ಅಥವಾ ನಿರುಪಯುಕ್ತವಾದ ಎತ್ತು, ಹೋರಿ, ಎಮ್ಮೆಗಳಿಗೆ ಪ್ರಮಾಣಪತ್ರದೊಂದಿಗೆ ಅವಕಾಶವಿತ್ತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಜಾರಿಗೆ ಬಂದು, ಫೆಬ್ರವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಧ್ವನಿಮತದಿಂದ ಅಂಗೀಕಾರವಾದ ಕಾನೂನು ಆ ಬಾಗಿಲನ್ನೂ ಮುಚ್ಚಿತು. ಉಳಿದದ್ದು 13 ವರ್ಷ ಮೀರಿದ ಎಮ್ಮೆ ಕೋಣಗಳು ಮಾತ್ರ. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ 50 ಸಾವಿರದಿಂದ 5 ಲಕ್ಷ. ವ್ಯಾಪಾರಿಯು ಈ ಭಯವನ್ನು ತನ್ನ ಜೇಬಿನಿಂದ ಭರಿಸುವುದಿಲ್ಲ, ರೈತನಿಗೆ ಕೊಡುವ ಬೆಲೆಯಿಂದಲೇ ಕಳೆಯುತ್ತಾನೆ. ಇನ್ನು ಕಾನೂನಿನ ಹೊರಗಿನ ಭಯವೂ ಇದೆ. 2023ರ ಮಾರ್ಚ್ ಕೊನೆಯಲ್ಲಿ ರಾಮನಗರ ಜಿಲ್ಲೆಯ ಸಾತನೂರಿನ ಬಳಿ ಜಾನುವಾರು ಸಾಗಿಸುತ್ತಿದ್ದವನೊಬ್ಬ ಶವವಾಗಿ ಪತ್ತೆಯಾದ. ಸಂತೆಯಲ್ಲಿ ಖರೀದಿಸಿದ ಕಾಗದಪತ್ರ ಕೈಯಲ್ಲೇ ಇತ್ತೆಂದು ದೂರಿನಲ್ಲಿ ಹೇಳಲಾಗಿತ್ತು. ಅಂತಹ ದಾರಿಯಲ್ಲಿ ಗಾಡಿ ಓಡಿಸುವವನು ಬಾಡಿಗೆ ಎಷ್ಟು ಕೇಳಬಹುದು?

ಈ ಕಾನೂನನ್ನು ಯಾವಾಗಲೂ ಮುಸ್ಲಿಮರ ಸಮಸ್ಯೆಯೆಂದೇ ಚರ್ಚಿಸಲಾಗುತ್ತದೆ. ಅಂದಹಾಗೆ, ನನ್ನ ಬಳಿ ಬಂದಿದ್ದ ರೈತರು ಮುಸ್ಲಿಮರಲ್ಲ. ಹಸುವಿನ ವಧೆಯಾಗಬಾರದು ಎಂಬುದು ನೆರೆಯವರ ಭಾವನೆಯಾದರೆ ಅದನ್ನು ಗೌರವಿಸೋಣ. ಆದರೆ ಆ ಭಾವನೆಯ ಖರ್ಚನ್ನು ಹಟ್ಟಿಯ ಒಡೆಯನೊಬ್ಬನೇ ಏಕೆ ಹೊರಬೇಕು? 2022ರಲ್ಲಿ ಆಗಿನ ಸರಕಾರ ಪುಣ್ಯಕೋಟಿ ದತ್ತು ಯೋಜನೆಯನ್ನು ಆರಂಭಿಸಿತು. ಗೋಶಾಲೆಯ ಒಂದು ಹಸುವನ್ನು ವರ್ಷಕ್ಕೆ ದತ್ತು ಪಡೆಯಲು ನಿಗದಿಪಡಿಸಿದ ಮೊತ್ತ 11 ಸಾವಿರ ರೂಪಾಯಿ. ದಿನಕ್ಕೆ 30 ರೂಪಾಯಿ. ಇದೇ ಸಾಕೆಂದು ಒಪ್ಪೋಣ. ಹಾಗಾದರೆ ಬರಡಾದ ಕಡಸೊಂದು ಇನ್ನೂ ಹತ್ತು ವರ್ಷ ಬದುಕಿದರೆ ಸರಕಾರದ ಲೆಕ್ಕದಲ್ಲೇ ಅದರ ಖರ್ಚು 1 ಲಕ್ಷ 10 ಸಾವಿರ. ಅದನ್ನು ಬಡ ರೈತ ಕೊಡಬೇಕು, ಪುಣ್ಯ ಮಾತ್ರ ಭಾಷಣ ಮಾಡಿದವರಿಗೆ ಸೇರಬೇಕು! 2023ರಲ್ಲಿ ಸರಕಾರ ಬದಲಾಯಿತು. ಕಾನೂನನ್ನು ಮರುಪರಿಶೀಲಿಸುವ ಮಾತು ಕೆಲವು ದಿನ ಕೇಳಿಬಂದು, ಗದ್ದಲವಾದೊಡನೆ ತಣ್ಣಗಾಯಿತು.

ಗಂಡು ಕರುವಿನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ಹೆಣ್ಣು ದನಗಳ ಸಂಖ್ಯೆ ಶೇಕಡಾ 18ರಷ್ಟು ಏರಿದರೆ ಗಂಡು ದನಗಳ ಸಂಖ್ಯೆ ಶೇಕಡಾ 30ರಷ್ಟು ಇಳಿಯಿತು. ಟ್ರ್ಯಾಕ್ಟರು ಬಂದದ್ದು ಇದಕ್ಕೊಂದು ಕಾರಣ, ನಿಜ. ಆದರೆ ಉಳಲು ಬೇಡವಾದ, ಮಾರಲೂ ಆಗದ ಹೋರಿಗರುವಿಗೆ ಯಾರು ಹಾಲು ಬಿಡುತ್ತಾರೆ? ವಧೆಯನ್ನು ನಿಷೇಧಿಸಿದ ನಾಡಿನಲ್ಲಿ ಕರುಗಳು ಹಸಿವಿನಿಂದ ಸಾಯುತ್ತಿವೆ ಎಂಬುದು ಯಾರ ಭಾವನೆಯನ್ನೂ ಕೆರಳಿಸುವುದಿಲ್ಲ.

ಮುಪ್ಪಿನ ಬೆಲೆಯು ಪ್ರಾಯದ ಬೆಲೆಯನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ಮಾಂಸಕ್ಕಾಗಿಯೇ ದನ ಸಾಕುವ ಅಮೆರಿಕವನ್ನು ನೋಡಬಹುದು. ಅಲ್ಲಿ ಗಬ್ಬದ ಕಡಸಿಗೆ ಬೆಲೆ ಕಟ್ಟುವಾಗ ಅದು ಹಾಕಬಹುದಾದ ಕರುಗಳ ಬೆಲೆಯೊಂದಿಗೆ, ಹಿಂಡಿನಿಂದ ಹೊರಹಾಕುವಾಗ ಸಿಗುವ ಬೆಲೆಯನ್ನೂ ಕೂಡಿಸುತ್ತಾರೆ. ಹಿಂಡಿನ ವರಮಾನದಲ್ಲಿ ಹೀಗೆ ಹೊರಹಾಕಿದ ಹಸುಗಳ ಪಾಲು ಸಾಮಾನ್ಯವಾಗಿ ಶೇಕಡಾ 10ರಿಂದ 20. ಅದು ಅವರ ದಾರಿ, ನಮ್ಮದಾಗಬೇಕಿಲ್ಲ. ಆದರೆ ನಾವು ಅನುಕರಿಸಬಹುದಾದ ಬೇರೊಂದು ಸಂಗತಿ ಅಲ್ಲಿದೆ. ಮಿಸ್ಸೌರಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗವು 1990ರ ದಶಕದಿಂದ ಕಡಸುಗಳ ಮಾರಾಟ ಯೋಜನೆಯೊಂದನ್ನು ನಡೆಸುತ್ತಿದೆ. ಪಶುವೈದ್ಯರು ಗಬ್ಬವನ್ನು ಖಾತ್ರಿಪಡಿಸಬೇಕು, ಸೊಂಟದ ಅಳತೆ ತೆಗೆಯಬೇಕು, ಲಸಿಕೆ ಆಗಿರಬೇಕು, ಸುಲಭ ಹೆರಿಗೆಗೆ ತಕ್ಕ ಹೋರಿಯೇ ಆಗಿರಬೇಕು. ಎಲ್ಲವೂ ಕಿವಿಯ ಬಿಲ್ಲೆಯೊಂದಿಗೆ ದಾಖಲಾಗಿ, ಹರಾಜಿಗೆ ಮೊದಲೇ ಕೊಳ್ಳುವವನ ಕೈಗೆ ಸಿಗುತ್ತದೆ. ತಿಳಿದು ಕೊಳ್ಳುವವನು ಹೆಚ್ಚು ಕೊಡಲು ಹಿಂಜರಿಯುವುದಿಲ್ಲ.

ನಮ್ಮ ಸಂತೆಗಳಲ್ಲಿ ನಡೆಯುವುದೇನು? ಕೈಯ ಮೇಲೆ ಟವೆಲು ಮುಚ್ಚಿ, ಬೆರಳು ಹಿಡಿದು ಬೆಲೆ ಕೇಳುತ್ತಾರೆ. ಪಕ್ಕದಲ್ಲಿ ನಿಂತ ಮಾಲಕನಿಗೇ ತನ್ನ ದನದ ಬೆಲೆ ಎಷ್ಟಕ್ಕೆ ಏರಿತು, ಎಷ್ಟಕ್ಕೆ ನಿಂತಿತು ಎಂದು ತಿಳಿಯದ ಪ್ರಸಂಗಗಳುಂಟು. ನಾಲ್ಕು ತಿಂಗಳ ಗಬ್ಬವನ್ನು ಆರು ತಿಂಗಳೆಂದು ಹೇಳುವವರು, ಸಂತೆಯ ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿಸಿ ತರುವವರು, ಒಂದು ಬಾರಿ ಗಬ್ಬ ಹೋದದ್ದನ್ನು ಮುಚ್ಚಿಡುವವರು ಮಾರುವವರಲ್ಲೂ ಇದ್ದಾರೆ. ಈ ವ್ಯವಹಾರದಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಸರಕಾರದ ಕಡೆ ಬೆರಳು ತೋರಿಸುವಾಗ, ಟವೆಲಿನಡಿಯ ಬೆರಳುಗಳ ಬಗ್ಗೆಯೂ ಮಾತಾಡಬೇಕಾಗಿದೆ.

ಪ್ರವಾದಿಯವರ(ಸ) ಕಾಲದ ಮದೀನದ ಪೇಟೆಯಲ್ಲಿ ನಿಷೇಧಿಸಲಾದ ವ್ಯಾಪಾರಗಳ ಪಟ್ಟಿಯನ್ನು ನೋಡಿ. ಹಾಲು ಕರೆಯದೆ ಬಿಟ್ಟು, ಕೆಚ್ಚಲು ಉಬ್ಬಿಸಿ ಮಾರುವುದು ಅದರಲ್ಲೊಂದು. ಹಾಗೆ ಮೋಸಹೋದವನಿಗೆ ಮೂರು ದಿನಗಳೊಳಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕಿದೆ. ಗಬ್ಬದಲ್ಲಿರುವ ಮರಿಯ ಮುಂದಿನ ಸಂತಾನವನ್ನು ಈಗಲೇ ಮಾರುವುದು ಇನ್ನೊಂದು. ಪೇಟೆಗೆ ಬರುವ ವರ್ತಕರನ್ನು ಊರ ಹೊರಗೇ ಎದುರುಗೊಂಡು, ಅವರಿಗೆ ಪೇಟೆಯ ಬೆಲೆ ತಿಳಿಯುವ ಮೊದಲೇ ಕೊಂಡುಬಿಡುವುದು ಮತ್ತೊಂದು. ಹಟ್ಟಿಗೇ ಬಂದು 55 ಸಾವಿರ ಎಂದ ದಲ್ಲಾಳಿಗೂ ಅವರಿಗೂ ಏನು ವ್ಯತ್ಯಾಸ?

ಬೆಲೆ ಏರಿದಾಗ ದರ ನಿಗದಿಪಡಿಸುವಂತೆ ಜನರು ಕೇಳಿಕೊಂಡರೂ ಪ್ರವಾದಿಯವರು(ಸ) ಒಪ್ಪಲಿಲ್ಲ ಎಂಬ ವರದಿಯನ್ನು ನಮ್ಮ ವ್ಯಾಪಾರಿಗಳು ಚೆನ್ನಾಗಿ ಬಲ್ಲರು. ಆದರೆ ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ಕಟ್ಟುವಾಗ ಆಡಳಿತವು ನ್ಯಾಯದ ಬೆಲೆಯನ್ನು ವಿಧಿಸಬಹುದು ಎಂದು ಇಬ್ನು ತೈಮಿಯ್ಯಾ ಬರೆದದ್ದನ್ನು ಬಲ್ಲವರು ಕಡಿಮೆ. ಹನಫೀ ನ್ಯಾಯಶಾಸ್ತ್ರದ ಆಧಾರದಲ್ಲಿ 19ನೇ ಶತಮಾನದ ಉಸ್ಮಾನಿಯಾ ತುರ್ಕಿ ಸರಕಾರ ಸಿದ್ಧಪಡಿಸಿದ ‘ಮಜಲ್ಲಾ’ ಸಂಹಿತೆ ಇದಕ್ಕೆ ಅಂಕಿಯನ್ನೇ ಕೊಟ್ಟಿದೆ. ಬೆಲೆಯಲ್ಲಿನ ವ್ಯತ್ಯಾಸ ಸಾಮಾನು ಸರಂಜಾಮಿನಲ್ಲಿ ಇಪ್ಪತ್ತರಲ್ಲೊಂದು, ಪ್ರಾಣಿಗಳಲ್ಲಿ ಹತ್ತರಲ್ಲೊಂದು, ಸ್ಥಿರಾಸ್ತಿಯಲ್ಲಿ ಐದರಲ್ಲೊಂದು ಪಾಲಿಗೆ ತಲಪಿದರೆ ಅದು ವಿಪರೀತ ನಷ್ಟ. ಅದರೊಂದಿಗೆ ವಂಚನೆಯೂ ಸೇರಿದ್ದರೆ ಮೋಸಹೋದವನು ವ್ಯವಹಾರವನ್ನು ರದ್ದುಗೊಳಿಸಬಹುದು. ಆದರೆ ಇಲ್ಲಿನ ಅಳತೆಗೋಲು ರೈತನ ಖರ್ಚಲ್ಲ, ಬಲ್ಲವರು ಪೇಟೆಯಲ್ಲಿ ಕಟ್ಟುವ ಬೆಲೆ. ಮಾಡಿದ ಖರ್ಚೆಲ್ಲ ಬೆಲೆಯಾಗಿ ಬಂದೇ ತೀರಬೇಕೆಂದು ಯಾವ ಗ್ರಂಥವೂ ಭರವಸೆ ಕೊಟ್ಟಿಲ್ಲ. ಬಲ್ಲವರ ಬೆಲೆ ತಿಳಿಯಬೇಕಾದರೆ ಮೊದಲು ಬೆಲೆ ಬಾಯಿಗೆ ಬರಬೇಕು, ಬೆರಳಿಗಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟೇ. ಹಟ್ಟಿಯಲ್ಲಿ ಮಾರಬೇಡಿ. ಪಶು ಆಸ್ಪತ್ರೆಯ ವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ, ಗರ್ಭಧಾರಣೆಯ ದಿನಾಂಕವನ್ನೂ ಕಿವಿಯೋಲೆಯ 12 ಅಂಕೆಗಳನ್ನೂ ಬರೆಸಿಕೊಳ್ಳಿ. ಕಡಸು ಒಮ್ಮೆ ಜಾರಿ ಬಿದ್ದದ್ದನ್ನು ಮುಚ್ಚಿಡಬೇಡಿ. ಆಮೇಲೆ ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ. ಸಂತೆ ನಡೆಸುವ ಎಪಿಎಂಸಿಗಳು ಇದನ್ನೇ ಕಡ್ಡಾಯಗೊಳಿಸಿದರೆ, ಮೂರು ದಿನಗಳ ಹಿಂದಿರುಗಿಸುವ ಹಕ್ಕನ್ನು ಚೀಟಿಯಲ್ಲಿ ಅಚ್ಚುಹಾಕಿದರೆ ಸರಕಾರಕ್ಕೆ ದೊಡ್ಡ ಖರ್ಚೇನೂ ಬಾರದು. ಬರಡು ಕಡಸನ್ನೂ ಹೋರಿಗರುವನ್ನೂ ಮಾರಬಾರದೆಂದು ವಿಧಿಸಿದವರು ಅವನ್ನು ತಾವೇ ಒಂದು ಬೆಲೆಗೆ ಕೊಳ್ಳಬೇಕು ಎಂಬ ಬೇಡಿಕೆಯನ್ನು ರೈತ ಸಂಘಟನೆಗಳೊಂದಿಗೆ ನಮ್ಮ ವ್ಯಾಪಾರಿಗಳೂ ಸೇರಿ ಮುಂದಿಡಬೇಕಾಗಿದೆ. ಈವರೆಗೆ ಇಬ್ಬರೂ ಬೇರೆ ಬೇರೆಯಾಗಿಯೇ ಅತ್ತಿದ್ದಾರೆ.

ಮೊನ್ನೆ ಅವರು ಕಡಸನ್ನು ಸಂತೆಗೆ ಹೊಡೆದುಕೊಂಡು ಹೋದರು. ವೈದ್ಯರ ಚೀಟಿ ಜೇಬಿನಲ್ಲಿತ್ತು. ಮೂವರು ಕೇಳಿದರು, 71 ಸಾವಿರಕ್ಕೆ ವ್ಯವಹಾರ ಮುಗಿಯಿತು. ನಮ್ಮ ಕಾಗದದ ಲೆಕ್ಕಕ್ಕಿಂತ ಕಡಿಮೆಯೇ, ಆದರೂ ಹಟ್ಟಿಯ ಬೆಲೆಗಿಂತ 16 ಸಾವಿರ ಹೆಚ್ಚು. ಹಣ ಎಣಿಸಿ ಕೊಟ್ಟ ಮೇಲೆ, ಹಗ್ಗ ಕೈಗೆ ತೆಗೆದುಕೊಳ್ಳುತ್ತಾ ಕೊಂಡವನು ಕೇಳಿದನಂತೆ: ‘ಹೋರಿಗರು ಹಾಕಿದರೆ ಕರುವನ್ನು ನೀವೇ ವಾಪಸು ತೆಗೆದುಕೊಳ್ಳುತ್ತೀರಾ?’ ಇವರು ಏನೂ ಹೇಳದೆ ಬಸ್ಸು ಹತ್ತಿದರು.