ಗೂಡ್ಸ್ ತಾತನ ಲೇಬಲ್

ಕಳೆದ ಭಾನುವಾರ ಮೊಮ್ಮಗನ ಜೊತೆ ಮಾಲೂರು ಸ್ಟೇಷನ್ನಿನಲ್ಲಿ ಕೂತಿದ್ದೆ. ನಮ್ಮ ರೈಲಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ವೈಟ್‌ಫೀಲ್ಡ್ ಕಡೆಗೆ ಒಂದು ಕಂಟೇನರ್ ಗೂಡ್ಸ್ ಹೊರಟು ಬಂತು. ಹುಡುಗ ಡಬ್ಬಿ ಎಣಿಸತೊಡಗಿದ, ಮೂವತ್ತರ ಹತ್ತಿರ ಲೆಕ್ಕ ತಪ್ಪಿತು. "ತಾತ, ಇಷ್ಟರಲ್ಲಿ ಯಾವ ಡಬ್ಬಿ ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎಂದ. ಈಗೆಲ್ಲ ಕಂಪ್ಯೂಟರ್ ಕಣೋ ಎಂದೆ. ಆದರೆ ಮನಸ್ಸು ಗೂಡ್ಸ್ ತಾತನ ಹತ್ತಿರ ಹೋಗಿತ್ತು.

ಮಕ್ಕಳೇ, ಆತ ನನ್ನ ಸ್ವಂತ ತಾತ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ಆಡಳಿತವಿದ್ದಾಗ, ಮೀಸೆ ಮೂಡುವ ವಯಸ್ಸಿನಲ್ಲೇ ರೈಲ್ವೆಗೆ ಸೇರಿದವರು. ನಾನು 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದಾಗ ಅವರು ಗೂಡ್ಸ್ ಕ್ಲಾರ್ಕ್. ರಿಟೈರಾದ ಮೇಲೆ ನಮ್ಮ ಬೀದಿಯಲ್ಲೇ ಮನೆ ಮಾಡಿದರು. ಸಂಜೆ ಜಗಲಿಯ ಮೇಲೆ ಕೂತರೆ ಬೀದಿಯ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದರು.

ಅವರ ಕತೆಗಳಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಆಗ ಅದು ಬೌರಿಂಗ್‌ಪೇಟೆ. ಮದರಾಸು–ಬೆಂಗಳೂರು ದೊಡ್ಡ ಲೈನು ಅಲ್ಲೇ ಹಾದು ಹೋಗುತ್ತದೆ. 1894ರಲ್ಲಿ ಅಲ್ಲಿಂದ ಚಿನ್ನದ ಗಣಿಯ ಮಾರಿಕುಪ್ಪಂಗೆ ಒಂದು ಕವಲು ಹಾಕಿದರು. 1913ರಲ್ಲಿ ಕೋಲಾರಕ್ಕೆ ಪುಟ್ಟ ರೈಲು ಬಂತು. ಆಮೇಲೆ ಅದು ಶ್ರೀನಿವಾಸಪುರ, ಚಿಂತಾಮಣಿ ದಾಟಿ ಚಿಕ್ಕಬಳ್ಳಾಪುರದವರೆಗೂ ಹೋಯಿತು. ಮುಳಬಾಗಿಲಿಗೆ ಮಾತ್ರ ಇಂದಿಗೂ ರೈಲಿಲ್ಲ. ಅಲ್ಲಿಯ ಮೂಟೆಗಳು ಎತ್ತಿನ ಗಾಡಿ ಹತ್ತಿಯೇ ಸ್ಟೇಷನ್ನಿಗೆ ಬರಬೇಕಿತ್ತು.

ದೊಡ್ಡ ಲೈನಿನ ಎರಡು ಕಂಬಿಗಳ ನಡುವೆ 5 ಅಡಿ 6 ಅಂಗುಲ ಅಗಲ. ಪುಟ್ಟ ಲೈನಿಗೆ ಬರೀ 2 ಅಡಿ 6 ಅಂಗುಲ. ಬೇಕಾದರೆ ಮನೆಯಲ್ಲಿ ಟೇಪು ಹಿಡಿದು ಅಳೆದು ನೋಡಿ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡುವುದಿಲ್ಲ. ಹಾಗಾಗಿ ಶ್ರೀನಿವಾಸಪುರದ ಹುಣಸೆಹಣ್ಣಾಗಲಿ ಮಾವಾಗಲಿ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಪುಟ್ಟ ಡಬ್ಬಿಯಿಂದ ಇಳಿದು ದೊಡ್ಡ ಡಬ್ಬಿಗೆ ಏರಬೇಕು, ಅದೂ ಹಮಾಲರ ಬೆನ್ನ ಮೇಲೆ. "ಮೂಟೆ ಮೂಟೆಗೂ ಸೀಮೆಸುಣ್ಣದ ಗೆರೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಗೆರೆ ತಪ್ಪಿದರೆ ಸಂಬಳಕ್ಕೆ ಕತ್ತರಿ," ಎನ್ನುತ್ತಿದ್ದರು ತಾತ.

ಇನ್ನು ನನ್ನ ಕತೆ. ಆ ಊರಿನ ಹೆಸರೂ ಬೇಡ, ಬ್ಯಾಂಕಿನ ಹೆಸರೂ ಬೇಡ, ತಪ್ಪು ನನ್ನದೇ.

ಆಗ ಜಲಂಧರಿನಿಂದ ಬಿತ್ತನೆ ಆಲೂಗಡ್ಡೆ ರೈಲಿನಲ್ಲಿ ಬರುತ್ತಿತ್ತು. ಮಾಲು ರೈಲಿಗೆ ಹಾಕಿದವನಿಗೆ ರೈಲ್ವೆಯವರು ಒಂದು ರಸೀದಿ ಕೊಡುತ್ತಿದ್ದರು, ನಾವು ಆರ್‌ಆರ್ ಎನ್ನುತ್ತಿದ್ದೆವು. ಆ ಕಾಗದ ಯಾರ ಕೈಯಲ್ಲಿದೆಯೋ ಮಾಲು ಅವನದು. ಅಲ್ಲಿಯ ವ್ಯಾಪಾರಿ ಅದನ್ನು ಬಿಲ್ಲಿನ ಜೊತೆ ನಮ್ಮ ಬ್ಯಾಂಕಿಗೆ ಕಳಿಸುತ್ತಿದ್ದ. ಇಲ್ಲಿಯವರು ನಮಗೆ ದುಡ್ಡು ಕಟ್ಟಿ, ಆರ್‌ಆರ್ ಬಿಡಿಸಿಕೊಂಡು, ಗೂಡ್ಸ್ ಶೆಡ್ಡಿಗೆ ಓಡಬೇಕು. ಒಬ್ಬರಿಗೊಬ್ಬರು ಮುಖ ನೋಡದ ಇಬ್ಬರ ನಡುವೆ ನಂಬಿಕೆ ಕಾಯುವ ಕೆಲಸ ಬ್ಯಾಂಕಿನದು.

ಒಬ್ಬ ಸಣ್ಣ ವ್ಯಾಪಾರಿ ಮೂರು ದಿನ ಬಂದು ಕೇಳಿದ. ಮೂರು ದಿನವೂ ನಾನು ತಲೆ ಎತ್ತದೆ "ಬಂದಿಲ್ಲ" ಎಂದೆ. ಅತ್ತ ಹೊಲ ಉತ್ತು ಕಾಯುತ್ತಿದ್ದ ರೈತರು ಅವನ ಮನೆ ಬಾಗಿಲಿಗೆ ಬರುತ್ತಿದ್ದರು. ಇತ್ತ ಶೆಡ್ಡಿನಲ್ಲಿ ಮೂಟೆಗಳು ಬೆವರುತ್ತಿದ್ದವು. ಹೊತ್ತಿಗೆ ಸರಿಯಾಗಿ ಮಾಲು ಎತ್ತದಿದ್ದರೆ ರೈಲ್ವೆಗೆ ಬಾಡಿಗೆ ಕಟ್ಟಬೇಕು. ಅದಕ್ಕೆ ವಾರ್ಫೇಜ್ ಎಂದು ಹೆಸರು. ನಮ್ಮ ಕಡೆ ಎಲ್ಲರೂ ಡೆಮರೇಜ್ ಎಂದೇ ಅನ್ನುತ್ತಾರೆ; ಡೆಮರೇಜ್ ವ್ಯಾಗನ್ ನಿಲ್ಲಿಸಿಕೊಂಡದ್ದಕ್ಕೆ, ಆದರೆ ಜೇಬಿಗೆ ಎರಡೂ ಒಂದೇ.

ನಾಲ್ಕನೆಯ ದಿನ ತಾತ ತಾವೇ ಕೊಡೆ ಹಿಡಿದು ಬ್ಯಾಂಕಿಗೆ ಬಂದರು. ಆರ್‌ಆರ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. "ಏನಯ್ಯ, ಬಂದ ರಿಜಿಸ್ಟರ್ ಟಪಾಲಿನ ಪುಸ್ತಕ ತೆಗೆ," ಎಂದರು. ತೆಗೆದೆ. ಐದು ದಿನದ ಹಿಂದೆಯೇ ಬಂದಿತ್ತು, ಸಹಿಯೂ ನನ್ನದೇ! ಅದೇ ಹೆಸರಿನ ಇನ್ನೊಬ್ಬ ವ್ಯಾಪಾರಿಯ ಫೈಲಿನೊಳಗೆ ಸೇರಿಸಿಬಿಟ್ಟಿದ್ದೆ.

ವ್ಯಾಪಾರಿ ಬೈಯಲಿಲ್ಲ. ದುಡ್ಡು ಎಣಿಸಿ ಕೊಟ್ಟು, ಕಾಗದ ತೆಗೆದುಕೊಂಡು ಹೋದ. ಏಳು ಮೂಟೆ ಕೊಳೆತಿತ್ತು. ವಾರ್ಫೇಜನ್ನು ನನ್ನ ಸಂಬಳದಿಂದ ಕಟ್ಟಿದೆ, ಮೂಟೆಯ ನಷ್ಟ ತುಂಬಿಕೊಡುವಷ್ಟು ದುಡ್ಡು ನನ್ನಲ್ಲಿರಲಿಲ್ಲ.

ಆ ಸಂಜೆ ಮುಖ ತೋರಿಸಲಾಗದೆ ಶೆಡ್ಡಿನ ಹತ್ತಿರ ನಿಂತಿದ್ದಾಗ ತಾತ ತಮ್ಮ ಕತೆ ಹೇಳಿದರು. ಯುದ್ಧದ ವರ್ಷಗಳು, ಅಕ್ಕಿಗೆ ರೇಷನ್. ವ್ಯಾಗನ್ನಿಗೆ ಊರಿನ ಹೆಸರಿನ ಲೇಬಲ್ ಹಾಕುವ ಕೆಲಸ ಅವರದು. ಒಂದು ರಾತ್ರಿ, ಲಾಂದ್ರದ ಬೆಳಕು, ನಿದ್ದೆಗಣ್ಣು. ಅಕ್ಕಿ ವ್ಯಾಗನ್ನಿನ ಲೇಬಲ್ ಸಿಮೆಂಟಿನದಕ್ಕೆ, ಸಿಮೆಂಟಿನದು ಅಕ್ಕಿಗೆ. "ವ್ಯಾಗನ್ನಿಗೆ ಬಾಯಿಲ್ಲ, ಲೇಬಲ್ ಹೇಳಿದ ಊರಿಗೆ ಹೋಗುತ್ತೆ. ಅಕ್ಕಿಗೆ ಕಾದವರಿಗೆ ಸಿಮೆಂಟ್ ಹೋಯಿತಯ್ಯ. ಸಾಹೇಬ ದಂಡ ಹಾಕಿದ, ಅದು ಮರೆತುಹೋಯಿತು. ಆ ಊರಿನವರು ಬಾಗಿಲು ತೆಗೆದು ನೋಡಿದಾಗ ಅವರ ಮುಖ ಹೇಗಿತ್ತೋ ಅಂತ ಇವತ್ತಿಗೂ ಅನ್ನಿಸುತ್ತೆ." ಯಾವ ಸ್ಟೇಷನ್ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂದಿನಿಂದ ಲೇಬಲ್ ಹಾಕಿದ ಮೇಲೆ ಊರಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದುವುದು ಅವರ ರೂಢಿಯಂತೆ. ಹಮಾಲರು ನಗುತ್ತಿದ್ದರಂತೆ. ರಿಟೈರಾಗುವವರೆಗೂ ನಾನೂ ಪ್ರತಿ ಆರ್‌ಆರ್‌ನ ಹೆಸರು, ತಂದೆಯ ಹೆಸರು, ಊರು ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದ ಕೌಂಟರಿನವರಿಗೆ ಅದು ತಮಾಷೆ.

ಪುಟ್ಟ ರೈಲು ಈಗಿಲ್ಲ. 2013ರಲ್ಲಿ ಚಿಕ್ಕಬಳ್ಳಾಪುರದವರೆಗೂ ದೊಡ್ಡ ಲೈನೇ ಆಯಿತು, ಬಂಗಾರಪೇಟೆಯಲ್ಲಿ ಮೂಟೆ ಇಳಿಸಿ ಏರಿಸುವ ಗೋಜಿಲ್ಲ.

ಮಾಲೂರಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಇನ್ನೊಂದು ಗೂಡ್ಸ್ ಬಂತು. ಕೊನೆಯ ಡಬ್ಬಿಯ ಹಿಂದೆ ‘ಎಲ್‌ವಿ’ ಎಂಬ ಫಲಕ ಇರುತ್ತದೆ, ಅದು ಕಂಡರೆ ರೈಲು ನಡುವೆ ಎಲ್ಲೂ ಕಳಚಿಕೊಳ್ಳದೆ ಪೂರ್ತಿ ಬಂದಿದೆ ಎಂದರ್ಥ ಎಂದು ಹುಡುಗನಿಗೆ ಹೇಳಿಕೊಟ್ಟೆ. ಆತ ಈ ಸಲ ಡಬ್ಬಿ ಎಣಿಸಲಿಲ್ಲ. ಕತ್ತು ಚಾಚಿ ಕಾದು ನಿಂತು, "ಎಲ್‌ವಿ ಬಂತು ತಾತ!" ಎಂದು ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ.